ಅಡೆಗಲ್ಲಿನ ಅಪ್ಪ ಯಾರು?

ನಮ್ಮ ಕಡೆ ಸ್ಟೀಲ್ ಲೋಟಕ್ಕೂ ಹೆಸರಿರುತ್ತದೆ. ಗೃಹಪ್ರವೇಶಕ್ಕೆ ಬಂದ ಚಿಕ್ಕಮ್ಮ ತನ್ನ ಹೆಸರು, ಗಂಡನ ಹೆಸರು, ಊರು, ತಾರೀಖು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಸಿ ಕೊಟ್ಟಿರುತ್ತಾಳೆ. ಕಾಫಿ ಮುಗಿಯುವುದರೊಳಗೆ ಒಂದು ವಂಶಾವಳಿ ಓದಿ ಮುಗಿಸಬಹುದು. ತಿರುಮಣಿ ಕಡೆ ಸುಮಾರು 13 ಸಾವಿರ ಎಕರೆಯಲ್ಲಿ ಬಿಸಿಲು ಕಾಯುತ್ತಿರುವ ಸೋಲಾರ್ ಪ್ಯಾನೆಲ್ಲುಗಳಿಗೂ ಬೆನ್ನ ಮೇಲೆ ಕಂಪನಿ ಹೆಸರು, ನಂಬರು ಉಂಟು. ಇಂಥ ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ಲು ಬೆಟ್ಟ ಕಾಣುವ ಊರೊಂದರ ಕುಲುಮೆಯಲ್ಲಿ, ಮೂರು ತಲೆಮಾರಿನ ಏಟು ತಿಂದ ಅಡೆಗಲ್ಲೊಂದು ಹುಟ್ಟಿಸಿದವರ ಹೆಸರಿಲ್ಲದೆ ಕೂತಿದೆ.

ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಎತ್ತಿದವನು ನಾನು. ನಿವೃತ್ತಿಯಾದವರಿಗೆ ಇಂಥ ಪ್ರಶ್ನೆಗಳು ಬೆಳಗಿನ ವಾಕಿಂಗ್‌ನಲ್ಲೇ ಸಿಕ್ಕಿಬಿಡುತ್ತವೆ. ಕುಲುಮೆಯ ಆಚಾರರಿಗೆ ಆ ಪ್ರಶ್ನೆಯೇ ಇರಲಿಲ್ಲ.

"ನಮ್ ತಾತ ತಂದಿದ್ದು ಸಾಮಿ."

"ತಂದಿದ್ದು ಸರಿ ಆಚಾರ್ರೇ, ಮಾಡಿದ್ದು?"

"ಹಿಂದೂಪುರದ ಸಂತೆಯಿಂದ ಗಾಡೀಲಿ ಹೇರ್ಕೊಂಡ್ ಬಂದೋರು ನಮ್ ತಾತ. ಮಾಡ್ದೋನು ಅಲ್ಲೇ ಬಿಟ್ಟು ಹೋದ. ಯಾರು ದೊಡ್ಡೋರು ನೀವೇ ಹೇಳಿ" ಎಂದು ಬ್ಲೋವರಿನ ಹಿಡಿ ತಿರುಗಿಸಿದರು. ಉತ್ತರ ಹೇಳಲು ಆ ಸದ್ದಿನಲ್ಲಿ ಅವಕಾಶವಿರಲಿಲ್ಲ.

ವಿಷಯ ಟೀ ಅಂಗಡಿಗೆ ಹೋಯಿತು. ಅಲ್ಲಿ ಹೋದ ಮೇಲೆ ಸಾಮಾನ್ಯ ಅಡೆಗಲ್ಲಾಗಿ ಉಳಿಯುವುದುಂಟೇ? ಮೇಷ್ಟ್ರು ಅದನ್ನು ನಿಡುಗಲ್ಲಿನ ಪಾಳೇಗಾರರ ಆಯುಧಶಾಲೆಗೆ ಸೇರಿಸಿದರು. ಇನ್ನೊಬ್ಬರು ಟಿಪ್ಪುವಿಗೆ ಕೊಟ್ಟರು. ಗುಜರಿ ಅಂಗಡಿಯವನು ಮಾತ್ರ ಇತಿಹಾಸದ ಗೊಡವೆಗೆ ಹೋಗದೆ, "ಯಾರು ಮಾಡಿದ್ರೇನಣ್ಣ, ಕೆಜಿ ರೇಟು ಒಂದೇ" ಎಂದ.

ಮೇಷ್ಟ್ರ ಮಾತನ್ನು ಪೂರಾ ತಳ್ಳಿಹಾಕುವಂತಿರಲಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆ ಸುತ್ತಲು ಹೊರಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಧುಗಿರಿ, ಚನ್ನರಾಯನದುರ್ಗದ ಕಡೆಯ ಕಬ್ಬಿಣದ ಕೆಲಸವೂ ಇದೆ. ಮಳೆ ಬಂದಾಗ ಬೆಟ್ಟದಿಂದ ಕೊಚ್ಚಿಕೊಂಡು ಬರುವ ಕರಿಮರಳನ್ನು ಬಳಿದು, ಇದ್ದಿಲು ಹಾಕಿ ಕಾಯಿಸಿ ನಮ್ಮವರು ಕಬ್ಬಿಣ ತೆಗೆಯುತ್ತಿದ್ದರು. ಉಕ್ಕು ಮಾಡುವ ಬಗೆಯನ್ನಂತೂ ಅವನು ಅಡುಗೆ ಬರೆದುಕೊಂಡ ಹಾಗೆ ಬರೆದುಕೊಂಡಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆ ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ. ಉಪ್ಪು ರುಚಿಗೆ ತಕ್ಕಷ್ಟು ಎಂದು ಬರೆದಿಲ್ಲ, ಅಷ್ಟೇ. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟುಕೊಂಡು ಯಾರಿಗೂ ಬೇಡವಾಗಿ ನಿಂತಿರುವ ತಂಗಡಿಗೆ ಒಂದು ಕಾಲದಲ್ಲಿ ಎಂಥ ಕೆಲಸವಿತ್ತು ನೋಡಿ.

ಆದರೆ ಆ ಮೂಸೆಯ ಉಕ್ಕು ಬರುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು. ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ ಅದು ಸಾಕು. ಹಳ್ಳಿಯ ಹಳೇ ಅಡೆಗಲ್ಲು ಸಾಮಾನ್ಯವಾಗಿ ಕೊಂಬಿಲ್ಲದ ಚೌಕದ ಗಟ್ಟಿ, ಮರದ ದಿಮ್ಮಿಯಲ್ಲಿ ಹೂತು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಇದಕ್ಕೋ ಮುಂದೆ ಚೂಪು ಕೊಂಬು, ಸಣ್ಣ ಸೊಂಟ, ಬಾಲದ ಕಡೆ ಚೌಕದ್ದೊಂದು ದುಂಡಗಿನದ್ದೊಂದು ತೂತು. ಈ ಮೈಕಟ್ಟು ಹೊರಗಿನದು.

ಹೊರಗಿನದೆಂದರೆ ಯಾರದು? ಡಡ್ಲಿಯ ಪೀಟರ್ ರೈಟ್, ಶೆಫೀಲ್ಡಿನ ಮೌಸ್‌ಹೋಲ್, ಅಮೆರಿಕದ ಫಿಶರ್, ಹೇ-ಬಡನ್ – ಅಡೆಗಲ್ಲು ಮಾಡುತ್ತಿದ್ದ ಇವರಲ್ಲಿ ಒಬ್ಬೊಬ್ಬರದ್ದೂ ಒಂದೊಂದು ಚಹರೆ. ಮೊದಲು ನಾದ ನೋಡಬೇಕು. ಫಿಶರ್‌ನದು ಬೀಡು ಕಬ್ಬಿಣದ ಮೈಗೆ ಉಕ್ಕಿನ ಮುಖ ಕೂಡಿಸಿದ್ದು, ಹೊಡೆದರೆ ದೊಪ್ಪೆನ್ನುತ್ತದೆ. ಇದು ಸುತ್ತಿಗೆ ತಾಕಿದ್ದೇ ತಡ, ಪಕ್ಕದ ಬೀದಿಗೆ ಕೇಳುವ ಹಾಗೆ ಠಣ್ ಎಂದಿತು. ಫಿಶರ್ ಹೋದ. ಆಮೇಲೆ ಟ್ರ್ಯಾಕ್ಟರಿನ ಬೇರಿಂಗ್ ಗುಂಡನ್ನು ಮೇಲಿನಿಂದ ಬಿಟ್ಟು ಎಷ್ಟು ಎತ್ತರ ಪುಟಿಯುತ್ತದೆಂದು ನೋಡುವ ಪರೀಕ್ಷೆ. ಉಕ್ಕಿನ ಮುಖ ಗಟ್ಟಿಯಿದ್ದಷ್ಟೂ ಎತ್ತರ. ಗುಂಡು ಚೆನ್ನಾಗಿಯೇ ಪುಟಿಯಿತು; ಆಚಾರರ ಮೊಮ್ಮಗ ಹಿಡಿದುಕೊಂಡು ಓಡಿದ.

ಅಡಿ ನೋಡಲೇಬೇಕಾಯಿತು. ಆಯುಧಪೂಜೆಗೆ ಮುಂಚೆ ದಿಮ್ಮಿ ಬದಲಾಯಿಸುವ ನೆಪದಲ್ಲಿ ಹುಡುಗರು ಹಾರೆ ಹಾಕಿ ಎಬ್ಬಿಸಿದರು. ಸೊಂಟದಲ್ಲಿ ಕೈಬೆರಳು ಹೋಗುವಂಥ ತೂತುಗಳು: ಕಾದ ಗಟ್ಟಿಯನ್ನು ಸರಳಿನಿಂದ ಹಿಡಿದು ಬಡಿದಿದ್ದರ ಗುರುತು. ಪೀಟರ್ ರೈಟ್‌ನ ಪಾದಕ್ಕೆ ಚಪ್ಪಟೆ ಮೆಟ್ಟಿಲಿರುತ್ತದೆ, ಇದಕ್ಕಿಲ್ಲ. ಅವನೂ ಹೋದ.

ಪೂಜೆಯ ದಿನ ಆಚಾರರು ಅಡೆಗಲ್ಲಿನ ಮಗ್ಗುಲಿಗೆ ವಿಭೂತಿ ಬಳಿದು ಮೇಲಿಂದ ಮೇಲೆ ಒರೆಸಿದಾಗ ತಗ್ಗಿನಲ್ಲಿ ಉಳಿದ ಬೂದಿ ಅಕ್ಷರವಾಯಿತು! ಅಕ್ಷರವಲ್ಲ, ಅಂಕಿ: 1, 2, 10. "1910ನೇ ಇಸವಿ ಫೆಬ್ರವರಿ 1" ಎಂದು ಮೇಷ್ಟ್ರು ತೀರ್ಪು ಕೊಟ್ಟರು. 2010 ಯಾಕಾಗಬಾರದು ಎಂದನೊಬ್ಬ ಹುಡುಗ. "ಆಗ ನಾನು ಸತ್ತಿದ್ನೇನೋ?" ಎಂದು ಆಚಾರರ ತಾಯಿ ಒಳಗಿಂದಲೇ ಕೇಳಿದರು.

ಅದು ತಾರೀಖಲ್ಲ, ತೂಕ. ಇಂಗ್ಲೆಂಡಿನ ಹಳೇ ಲೆಕ್ಕದಲ್ಲಿ ಮೊದಲ ಅಂಕಿ 112 ಪೌಂಡಿನದು, ಎರಡನೆಯದು 28ರದು, ಮೂರನೆಯದು ಬಿಡಿ ಪೌಂಡು. 112, 56, 10 ಕೂಡಿಸಿದರೆ 178 ಪೌಂಡು, ಎಂದರೆ 80 ಕಿಲೋ ಚಿಲ್ಲರೆ. ಕಡಲೆಕಾಯಿ ಮಂಡಿಯ ಕಾಟಾದಲ್ಲಿ ಇಟ್ಟರೆ 80ಕ್ಕೆ ತುಸು ಕಡಿಮೆ ಬಂತು. ಸವೆದ ಪಾಲು ನಮ್ಮೂರಿನ ಕುಡುಗೋಲು, ಮಚ್ಚು, ಗುದ್ದಲಿಗಳ ಖಾತೆಗೆ. ಅಮೆರಿಕದವರು ನೇರವಾಗಿ ಪೌಂಡಿನಲ್ಲೇ ಕೊರೆಯುತ್ತಿದ್ದರು, ಹಾಗಾಗಿ ಹೇ-ಬಡನ್ ಕೂಡ ಹೋದ.

ನನ್ನ ತೀರ್ಪು ಇಷ್ಟು: ಬಡಿದು ಮಾಡಿದ ಇಂಗ್ಲಿಷ್ ಮಾಲು, ಪೀಟರ್ ರೈಟ್ ಅಲ್ಲ. ಅದರಾಚೆ ಹೆಸರು ಹೇಳುವವರು ಮಾರುವುದಕ್ಕೆ ಹೇಳುತ್ತಾರೆ. ಆಚಾರರಿಗೆ ತಿಳಿಸಿದೆ. "ನಾನು ಹೇಳ್ಲಿಲ್ವ, ನಮ್ ತಾತ ತಂದಿದ್ದು ಅಂತ" ಎಂದರು.

ನಿಮ್ಮ ಊರಿನ ಕುಲುಮೆಯಲ್ಲೂ ಇಂಥದ್ದಿದ್ದರೆ, ಹೆಸರು ಹುಡುಕುವ ಉಮೇದಿನಲ್ಲಿ ದಯವಿಟ್ಟು ಗ್ರೈಂಡರ್ ಹಚ್ಚಬೇಡಿ. ಮೇಲಿನ ಗಟ್ಟಿ ಉಕ್ಕು ತೆಳುವಾದ ಒಂದು ಪದರ. ಉಜ್ಜಿ ಹೋದರೆ ಮತ್ತೆ ಬರುವುದಿಲ್ಲ. ವಿಭೂತಿ ಸಾಕು.