ಸಳನ ಸೊಂಟದ ಸುತ್ತಳತೆ: ಒಂದು ವಿಮರ್ಶಾತ್ಮಕ ಅಧ್ಯಯನ

ಹುಲಿಯನ್ನು ಕೊಂದವನು ಸಳನೇ ಹೌದೋ, ಕೊಂದದ್ದು ಹುಲಿಯನ್ನೋ ಸಿಂಹವನ್ನೋ, ಅಸಲಿಗೆ ಸಳನೆಂಬವನು ಹುಟ್ಟಿದ್ದನೋ ಇಲ್ಲವೋ ಎಂದು ಪಂಡಿತರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಹೊತ್ತಿನಲ್ಲಿ ಅವನು ಏನು ಉಟ್ಟಿದ್ದ ಎಂದು ಮಾತ್ರ ಯಾರೂ ಕೇಳಿಲ್ಲ. ಕನ್ನಡ ಸಂಶೋಧನೆಗೆ ಅಂಟಿದ ಈ ಕಳಂಕವನ್ನು ತೊಳೆಯುವ ಭಾರ, ಕೆಮ್ಮಣ್ಣುಗುಂಡಿಯ ಹುಡುಗರು ಡಿಸೆಂಬರಿನಲ್ಲಿ ಸಳನ ನಾಟಕ ಆಡುತ್ತೇವೆಂದು ಹೊರಟಿದ್ದರಿಂದ, ಪ್ರಸ್ತುತ ಲೇಖಕನ ಹೆಗಲಿಗೆ ಬಿತ್ತು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಸನ್ನಿಧಿಗೆ ಹುಲಿ ಬಂತು, ಸುದತ್ತ ಮುನಿಗಳು ‘ಹೊಯ್ ಸಳ’ ಎಂದರು, ಸಳ ಹೊಯ್ದ. ಪಾತ್ರಧಾರಿ ಪಿಯುಸಿ ಎರಡನೇ ವರ್ಷದವನು. ಎತ್ತರ ಬಂದಿದೆ, ಅಗಲ ಇನ್ನೂ ಬರಬೇಕು. ಇದ್ದನೋ ಇಲ್ಲವೋ ನಿಶ್ಚಯವಿಲ್ಲದವನ ಅಳತೆಗೆ ಇರುವ ಹುಡುಗನನ್ನು ಹೊಂದಿಸುವುದೇ ಈ ಅಧ್ಯಯನದ ವ್ಯಾಪ್ತಿ.

ಮೊದಲು ಪ್ರತ್ಯಕ್ಷ ಪ್ರಮಾಣ. ಗುಡ್ಡ ಇಳಿದು ತರೀಕೆರೆ ದಾಟಿದರೆ ಅಮೃತಾಪುರ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಆ ಗುಡಿಯ ನೆತ್ತಿಯ ಮೇಲೆ ಸಳನೂ ಮೃಗವೂ ಇಂದಿಗೂ ಸೆಣಸುತ್ತಿದ್ದಾರೆ. ಅಲ್ಲಿನ ಶಾಸನ ರಚಿಸಿದವನು ಜನ್ನ. ಅಂಥ ಮಹಾಕವಿ ಅಷ್ಟೆಲ್ಲ ಬರೆದೂ ದರ್ಜಿಗೆ ಉಪಯೋಗವಾಗುವ ಒಂದು ಗೇಣಿನ ಲೆಕ್ಕ ಬಿಟ್ಟುಹೋಗಲಿಲ್ಲವಲ್ಲ ಎಂದು ಲೇಖಕನಿಗೆ ಖೇದವಿದೆ. ಇನ್ನು ಹೊಯ್ಸಳ ಶಿಲ್ಪಗಳ ಸಾಕ್ಷ್ಯ ನೋಡಿದರೆ ವೀರನಿಗೆ ಕಂಠಹಾರ, ತೋಳಬಂದಿ, ನಡುಪಟ್ಟಿ ಎಲ್ಲ ಧಾರಾಳ. ಅಂಗಿ ಮಾತ್ರ ಇಲ್ಲ. ಆದ್ದರಿಂದ ಸಳನದು ಬರಿ ಮೈ ಎಂಬುದು ಶಿಲಾಪಂಥದ ಸಿದ್ಧಾಂತ. ಈ ಪಂಥದವರು ಮರೆತ ವಿಷಯ ಎರಡು. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ಮತ್ತು ಬಳಪದ ಕಲ್ಲಿಗೆ ನೆಗಡಿಯಾಗುವುದಿಲ್ಲ.

ಇದಕ್ಕೆ ಎದುರಾಗಿ ನಿಂತದ್ದು ಟ್ರಂಕುಪಂಥ. ಕೆಳಗಿನ ಊರಿನಿಂದ ಬಾಡಿಗೆಗೆ ಬಂದ ಡ್ರೆಸ್ ಟ್ರಂಕನ್ನು ಪದರಪದರವಾಗಿ ಉತ್ಖನನ ಮಾಡಲಾಯಿತು. ಮೇಲ್ಪದರದಲ್ಲಿ ಭುಜಕೀರ್ತಿ, ಬೇಗಡೆ ಉದುರಿದ ಕಿರೀಟ, ಒಂದೇ ಕಡೆಯ ಮೀಸೆ. ಅದರ ಕೆಳಗೆ ನುಸಿಗುಳಿಗೆ. ತಳದಲ್ಲಿ ಜರಿಯಂಚಿನ ಕೆಂಪು ಮಖಮಲ್ಲಿನ ನಿಲುವಂಗಿ. ಅದರ ಕಾಲರಿನ ಒಳಮೈಯಲ್ಲಿ ಶಾಯಿಯ ಬರಹ ದೊರೆಯಿತು: ಅಡಿಯಲ್ಲಿ ‘ದುರ್ಯೋಧನ’, ಅದನ್ನು ಹೊಡೆದು ‘ಟಿಪ್ಪು’, ಅದನ್ನೂ ಹೊಡೆದು ‘ಹರಿಶ್ಚಂದ್ರ (ರಾಜ್ಯ ಬಿಡುವ ಮುಂಚೆ)’. ದ್ವಾಪರದಿಂದ ಶ್ರೀರಂಗಪಟ್ಟಣದವರೆಗೆ ಆಳಿ, ಮತ್ತೆ ಹಿಂದಕ್ಕೆ ಹೋಗಿ ಸತ್ಯಸಂಧನನ್ನೂ ಹೊದಿಸಿದ ಇಂಥ ಮನೆತನ ಕರ್ನಾಟಕದ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಕದಂಬರು ಹೋದರು, ಗಂಗರು ಹೋದರು, ಮಖಮಲ್ಲು ಉಳಿಯಿತು. ಜೇಬಿನಲ್ಲಿ ಸಿಕ್ಕ ಕಡೂರು–ಬೀರೂರು ಬಸ್ಸಿನ ಟಿಕೇಟು ಈ ವಂಶದ ಏಕೈಕ ಲಿಖಿತ ದಾಖಲೆ. ಅದರ ಕಾಲನಿರ್ಣಯ ನಡೆದಿದೆ.

ಈ ನಿಲುವಂಗಿ ಹೊಯ್ಸಳರದಲ್ಲ ಎನ್ನುವುದು ಸುಲಭ. ಪಾರ್ಸಿ ನಾಟಕ ಕಂಪನಿಗಳು ಊರೂರು ಸುತ್ತಿದ ಮೇಲೆ ನಮ್ಮ ಕಂಪನಿಗಳಿಗೂ ಮಖಮಲ್ಲಿನ ಹುಚ್ಚು ಹಿಡಿಯಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವ ನೋಡಿದ ಹಳ್ಳಿಗಳು ಅದನ್ನೇ ರಾಜಲಕ್ಷಣವೆಂದು ನಂಬಿದವು. ಮುಂದೆ ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’, ‘ಮಯೂರ’ಗಳು ತೆರೆಯ ಮೇಲೆ ಬಂದ ಮೇಲಂತೂ ರಾಜ್‌ಕುಮಾರರಂತೆ ಕಾಣದವನು ರಾಜನೇ ಅಲ್ಲ ಎಂದಾಯಿತು. ಪ್ರೇಕ್ಷಕರ ಈ ನಂಬಿಕೆಯನ್ನು ಲೇಖಕ ಹೀಗಳೆಯುವುದಿಲ್ಲ. ಬರಿ ಮೈಯ ಸಳನನ್ನು ಕಂಡರೆ ಹಿಂದಿನ ಸಾಲಿನವರು, ಪಾಪ, ಇವನಿಗೆ ಡ್ರೆಸ್ ಸಿಕ್ಕಿಲ್ಲ ಎಂದೇ ತಿಳಿಯುತ್ತಾರೆ.

ಆಯುಧದ ವಿಷಯ ಬೇಗ ಮುಗಿಯಿತು. ಈ ಗುಡ್ಡದ ಕಬ್ಬಿಣದ ಅದಿರೆಲ್ಲ ಭದ್ರಾವತಿಯ ಕಾರ್ಖಾನೆಗೆ ಇಳಿದು ಹೋದದ್ದರಿಂದ ಕತ್ತಿಯನ್ನು ರಟ್ಟಿನಲ್ಲಿ ಮಾಡಲಾಯಿತು. ಎದೆಗವಚಕ್ಕೆ ಅಡಿಕೆ ಹಾಳೆ. ಅದು ಚಾರಿತ್ರಿಕವಾಗಿ ಸರಿಯೇ ಎಂದು ಕೇಳುವವರು ಮಲೆನಾಡಿನವರಲ್ಲ.

ಎರಡು ಪಂಥಗಳ ವಾದ ಮುಗಿಯುವ ಮುನ್ನ ಆಪ್ತವಾಕ್ಯವೆಂಬ ಪ್ರಮಾಣ ಸ್ವತಃ ಹಾಜರಾಯಿತು. ಹುಡುಗನ ತಾಯಿ ಬಂದು, ‘ಈ ಚಳೀಲಿ ಬರೀ ಮೈಲಿ ನಿಲ್ಸಿದ್ರೆ ನೋಡಿ, ಪರೀಕ್ಷೆ ನೀವೇ ಬರೀಬೇಕಾಗುತ್ತೆ’ ಎಂದರು. ಶಾಸ್ತ್ರದಲ್ಲಿ ಇದಕ್ಕೆ ಖಂಡನೆಯಿಲ್ಲ. ಆದ್ದರಿಂದ ಸಮನ್ವಯ: ಉದ್ದ ತೋಳಿನ ಬನಿಯನ್ನು, ಮೈಬಣ್ಣ ಬರುವಂತೆ ಕೆಮ್ಮಣ್ಣು ಕದಡಿದ ನೀರಿನಲ್ಲಿ ಅದ್ದಿದ್ದು. ದೂರದಿಂದ ಶಿಲ್ಪ, ಹತ್ತಿರದಿಂದ ಬನಿಯನ್ನು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲೆಂದು ಆರಿಸಿಕೊಂಡ ಗಿರಿಧಾಮ ಇದು ಎಂಬುದನ್ನೂ, ಡಿಸೆಂಬರಿನ ಮಂಜಿನಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದನ್ನೂ ಸಿದ್ಧಾಂತ ಗಣನೆಗೆ ತೆಗೆದುಕೊಂಡಿರಲಿಲ್ಲ. ನಾಟಕದ ಸಂಜೆ ಬನಿಯನ್ನು ಹಸಿಯಾಗಿಯೇ ಇತ್ತು. ಹುಡುಗ ಅದನ್ನೇ ತೊಟ್ಟು, ಮೇಲೆ ಹಾರ, ತೋಳಬಂದಿ, ಅಡಿಕೆ ಹಾಳೆ ಬಿಗಿದುಕೊಂಡ.

ಹುಲಿಯ ವೇಷದ ಬಗ್ಗೆ ಯಾರೂ ಸಂಶೋಧನೆ ಮಾಡಿರಲಿಲ್ಲ. ಬಯಲುಸೀಮೆಯಿಂದ ತಂದ ಕರಿ ಕಂಬಳಿಯ ಮೇಲೆ ಹಳದಿ ಪಟ್ಟೆ ಬಳಿದು ಅದಕ್ಕೆ ಹೊದಿಸಿದ್ದರು. ಕರಿಯ ಮೇಲೆ ಹಳದಿಯೋ ಹಳದಿಯ ಮೇಲೆ ಕರಿಯೋ ಎಂಬುದು ಎರಡನೆಯ ಸಂಪುಟದ ವಿಷಯ. ಹುಲಿ ರಂಗಕ್ಕೆ ನುಗ್ಗಿತು. ಗಡಗಡ ನಡುಗುತ್ತ ನಿಂತಿದ್ದ ಸಳನನ್ನು ಕಂಡು ಸಭೆ ಅದನ್ನು ರೋಷವೆಂದೇ ತಿಳಿದು ಶಿಳ್ಳೆ ಹಾಕಿತು. ಸಳ ಕತ್ತಿ ಬಿಸಾಡಿ ಹುಲಿಯನ್ನು ತಬ್ಬಿಕೊಂಡು ಕಂಬಳಿಯೊಳಗೆ ಮುಖ ಹುದುಗಿಸಿದ. ಮುನಿಗಳು ಮೂರು ಸಲ ‘ಹೊಯ್’ ಎಂದರೂ ಬಿಡಲಿಲ್ಲ.