ಬಾನೆಟ್ ಭಾವ

ಬೀದಿಯಲ್ಲಿ ಯಾವ ಕಾರಿನ ಬಾನೆಟ್ ಎದ್ದರೂ ಅದರ ಪಕ್ಕ ಒಬ್ಬರು ಬಂದು ನಿಲ್ಲುತ್ತಾರೆ. ಕೈ ಬೆನ್ನ ಹಿಂದೆ, ಕತ್ತು ಮುಂದೆ, ಹುಬ್ಬು ಮೇಲೆ. ಅಂಗಿಗೆ ಗ್ರೀಸ್ ಹತ್ತದಷ್ಟು ದೂರ, ಸಲಹೆ ಕೇಳಿಸುವಷ್ಟು ಹತ್ತಿರ. ಸ್ಪ್ಯಾನರ್ ಮುಟ್ಟುವುದಿಲ್ಲ, ಮುಟ್ಟಿದವನನ್ನು ಸುಮ್ಮನೆ ಬಿಡುವುದೂ ಇಲ್ಲ. ಬಡಾವಣೆಗೊಬ್ಬರಂತೆ ಇದ್ದೇ ಇರುತ್ತಾರೆ, ಹೆಚ್ಚಾಗಿ ನಿವೃತ್ತರು. ನನ್ನ ಪಾಲಿಗೆ ಬಂದವರು ಅಕ್ಕನ ಗಂಡ. ಹಾಗಾಗಿ ಗೇಟು ಹಾಕಿಕೊಳ್ಳುವಂತಿಲ್ಲ.

ಭಾವ ಸರ್ವಿಸ್ ಪೂರ್ತಿ ಲೆಕ್ಕಪತ್ರ ವಿಭಾಗದಲ್ಲಿ ಕಳೆದವರು. ಮಿಕ್ಸಿ, ಬೋರ್‌ವೆಲ್ ಮೋಟಾರು, ನನ್ನ ಮೊಣಕಾಲು ನೋವು, ಎಲ್ಲಕ್ಕೂ ಅವರದು ಒಂದೇ ತೀರ್ಪು: "ಅರ್ತಿಂಗ್ ಪ್ರಾಬ್ಲಂ ಕಣಯ್ಯ."

ನನ್ನ ಕಾರು ಹಳೇ ಮಾರುತಿ 800. ಆ ಮಾದರಿ 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರಲ್ಲಿ ನಿಂತೇ ಹೋಯಿತು. ನನ್ನದು ಇನ್ನೂ ನಿಂತಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. ಕ್ಲಚ್ ಪ್ಲೇಟ್ ಸವೆದು, ಗೇರ್‌ಬಾಕ್ಸ್ ಇಳಿಸಿ, ಹೊಸದು ಹಾಕಿಸಿ ತಂದೆ. ಗೇರುಗಳೇನೋ ಸಲೀಸಾಗಿ ಬೀಳುತ್ತಿದ್ದವು. ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಮೇಲೇಳಲಿಲ್ಲ.

ಭಾವ ಆ ಹೊತ್ತಿಗಾಗಲೇ ಗೇಟಿನಲ್ಲಿದ್ದರು. ಮೊದಲು ಅರ್ತಿಂಗ್, ಆಮೇಲೆ ಫ್ಯೂಸ್, ಕೊನೆಗೆ "ಮೀಟರೇ ಹೋಗಿದೆ, ಗುಜರಿಯಲ್ಲಿ ಒಂದು ನೋಡೋಣ." ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಆಡುತ್ತಿವೆಯಲ್ಲ ಎಂದರೆ, "ಅವು ಬೇರೆ ಲೈನು" ಎಂದರು. ಈ ಹಳೇ ಕಾರಿನ ಸ್ಪೀಡೋಮೀಟರ್‌ಗೆ ಕರೆಂಟಿನ ಹಂಗೇ ಇಲ್ಲ. ಗೇರ್‌ಬಾಕ್ಸ್‌ನಲ್ಲೊಂದು ಪುಟ್ಟ ಹಲ್ಲುಚಕ್ರ, ಅದು ತಿರುಗಿಸುವ ಉದ್ದನೆಯ ಕೇಬಲ್, ಆ ಕೇಬಲ್ ಮೀಟರಿನೊಳಗೆ ತಿರುಗಿಸುವ ಒಂದು ಅಯಸ್ಕಾಂತ. ಸುತ್ತ ಇರುವ ಅಲ್ಯೂಮಿನಿಯಂ ಬಟ್ಟಲನ್ನು ಅಯಸ್ಕಾಂತ ಮುಟ್ಟದೆಯೇ ಎಳೆಯುತ್ತದೆ, ಕೂದಲಿನಂಥ ಸ್ಪ್ರಿಂಗ್ ಹಿಡಿದು ನಿಲ್ಲಿಸುತ್ತದೆ, ಈ ಜಗ್ಗಾಟದ ಫಲವೇ ಮುಳ್ಳಿನ ಓಟ. ಒಟ್ಟೋ ಶುಲ್ಟ್ಸೆ ಎಂಬ ಜರ್ಮನ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಭಾವನ ಅರ್ತಿಂಗ್ ಸಿದ್ಧಾಂತ ಅವನಿಗೆ ಹೊಳೆದೇ ಇರಲಿಕ್ಕಿಲ್ಲ, ಪಾಪ.

ಗ್ಯಾರೇಜಿನವರು "ನಾಳೆ ಬನ್ನಿ" ಎನ್ನುತ್ತಾ ಹೋದರು. ಅಷ್ಟರಲ್ಲಿ ನಂಜನಗೂಡಿಗೆ ಹೋಗುವ ಪ್ರಸಂಗ ಬಂತು. ಮುಳ್ಳಿಲ್ಲದೆ ಹೇಗೆ? "ನಾನಿಲ್ವೇನಯ್ಯ" ಎಂದು ಭಾವ ಎಡಗಡೆ ಸೀಟಿನಲ್ಲಿ ಕೂತರು. ಕೈಯಲ್ಲಿ ಎಚ್‌ಎಂಟಿ ಗಡಿಯಾರ, ತೊಡೆಯ ಮೇಲೆ ಡೈರಿ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡೋ ಅದರಿಂದ 3600ನ್ನು ಭಾಗಿಸಿದರೆ ವೇಗ ಬಂತು. 90 ಸೆಕೆಂಡ್ ಅಂದರೆ 40, 72 ಅಂದರೆ 50. ಲೆಕ್ಕ ಸರಿಯೇ. ಕಷ್ಟವೇನೆಂದರೆ, ಕಲ್ಲು ದಾಟಿ, ಭಾಗಾಕಾರ ಮುಗಿದು, ಭಾವ ಕನ್ನಡಕ ಸರಿಮಾಡಿಕೊಂಡು "ಅರವತ್ತು! ನಿಧಾನ!" ಎಂದು ಕೂಗುವ ಹೊತ್ತಿಗೆ ನಾನು ಹಂಪಿನ ಮುಂದೆ ನಿಂತಿರುತ್ತಿದ್ದೆ. ಒಮ್ಮೆ ಪೊದೆಯಲ್ಲಿ ಒಂದು ಕಲ್ಲು ಮರೆಯಾಗಿ, ಎರಡು ಕಿಲೋಮೀಟರಿನ ಹೊತ್ತನ್ನು ಒಂದಕ್ಕೇ ಹಾಕಿ, "ಇಪ್ಪತ್ತೆಂಟರಲ್ಲಿ ಹೋಗ್ತಿದ್ದೀಯ, ಸ್ವಲ್ಪ ಒತ್ತು" ಎಂದರು. ಹಿಂದಿನ ಸೀಟಿನಲ್ಲಿ ಅಕ್ಕ ಕೋಡುಬಳೆ ತಿನ್ನುತ್ತಾ, "ಇವರ ಜೊತೆ ನಾನು ಎಷ್ಟು ವರ್ಷದಿಂದ ಹೋಗ್ತಿದ್ದೀನಿ, ನೀನೇ ನೋಡು" ಎಂದಳು.

ಕೊನೆಗೆ ಬೇರೆ ಮೆಕ್ಯಾನಿಕ್ ಹುಡುಗನೊಬ್ಬನನ್ನು ಮನೆಗೇ ಕರೆಸಿದೆ. ಅವನು ಏನನ್ನೂ ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿದ: "ಸರ್, ಕಿಲೋಮೀಟರ್ ಅಂಕಿ ಓಡ್ತಿದ್ಯಾ?" ಓಡುತ್ತಿರಲಿಲ್ಲ. ಅಂಕಿ ಓಡಿ ಮುಳ್ಳು ಮಾತ್ರ ಸತ್ತಿದ್ದರೆ ಮೀಟರಿನ ತಪ್ಪು. ಎರಡೂ ಒಟ್ಟಿಗೆ ನಿಂತರೆ ಮೊದಲು ನೋಡಬೇಕಾದ್ದು ಕೇಬಲ್ಲು, ಇಲ್ಲವೇ ಆ ಹಲ್ಲುಚಕ್ರ. ಅದೂ ಗೇರ್‌ಬಾಕ್ಸ್ ಇಳಿಸಿದ ಮೇಲೆ ಶುರುವಾದದ್ದಾದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಹುಡುಗ ಬಗ್ಗಿ ಟಾರ್ಚ್ ಬಿಟ್ಟ. ಗೇರ್‌ಬಾಕ್ಸ್ ಇಳಿಸುವಾಗ ಕಳಚಿದ ಕೇಬಲ್, ಅಡ್ಡ ಬರದಿರಲೆಂದು ಯಾರೋ ಕಟ್ಟಿಟ್ಟ ತಂತಿಯಲ್ಲಿ ಇನ್ನೂ ನೇತಾಡುತ್ತಿತ್ತು. ತುದಿ ಒರೆಸಿ, ಗೂಡಿಗೆ ಕೂರಿಸಿ, ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದ. ಮೀಟರಿನ ಹಿಂದಿನಿಂದ ಬಿಚ್ಚಿಟ್ಟಿದ್ದ ಇನ್ನೊಂದು ತುದಿ ನನ್ನ ಬೆರಳ ನಡುವೆ ಗಿರಗಿರ ತಿರುಗಿತು.

"ನಾನು ಮೊದಲಿಂದ ಹೇಳಿದ್ದೂ ಅದೇ" ಎಂದರು ಭಾವ. "ಕನೆಕ್ಷನ್ ಪ್ರಾಬ್ಲಂ."

ಮೈ ಉರಿಯಿತು. ಆದರೆ ಹೋದ ತಿಂಗಳು ಅವರ ಮಗನ ಹೊಸ ಕಾರನ್ನು ಸರ್ವಿಸಿಗೆ ಬಿಡಲು ನಾನೂ ಜೊತೆಗೆ ಹೋಗಿದ್ದೆ. ಈಗಿನ ಕಾರುಗಳಲ್ಲಿ ಕೇಬಲ್ ಇಲ್ಲ, ಸೆನ್ಸರ್. ಕೆಟ್ಟರೆ ಸ್ಕ್ಯಾನರ್ ಚುಚ್ಚಿ ಕೋಡ್ ಓದುತ್ತಾರೆ. ಗಿರಾಕಿಗಳನ್ನು ಏಸಿ ಹಾಕಿದ ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಭಾವ ಕಾಫಿ ಮುಟ್ಟಲಿಲ್ಲ. ಗಾಜಿಗೆ ಮೂಗು ತಾಗಿಸಿ, ಆಚೆ ಎದ್ದಿದ್ದ ಬಾನೆಟ್ಟನ್ನೇ ನೋಡುತ್ತಾ ನಿಂತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ. "ಏನು ಪ್ರಾಬ್ಲಂ ಅಂತೆ ಭಾವ?" ಎಂದು ನಾನೇ ಕೇಳಿದೆ. "ಗೊತ್ತಾಗಲ್ಲಯ್ಯ, ದೂರ ಇದೆ" ಎಂದರು.

ಹಾಗಾಗಿ ರಿಪೇರಿಯಾದ ಮೇಲೆ ಟ್ರಯಲ್‌ಗೆ ಅವರನ್ನೇ ಕರೆದೆ. ಮುಳ್ಳು ಚೆನ್ನಾಗಿ ಎದ್ದಿತು. ಭಾವನ ಮುಖ ಬಾಡಿತು. ನಂಜನಗೂಡು ರಸ್ತೆಗೆ ತಿರುಗುತ್ತಲೇ ಜೇಬಿನಿಂದ ಡೈರಿ ಹೊರಬಂತು. ಒಂದು ಕಲ್ಲು, ಇನ್ನೊಂದು ಕಲ್ಲು, ಭಾಗಾಕಾರ. ಸ್ಪೀಡೋಮೀಟರ್ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದು ಮಾಮೂಲು, ಕಡಿಮೆ ಮಾತ್ರ ತೋರಿಸಬಾರದೆಂದು ಮೊದಲೇ ಹಾಗೆ ಮಾಡಿರುತ್ತಾರೆ. ಇದನ್ನು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಭಾವ ಸೀಟಿನಲ್ಲಿ ನೆಟ್ಟಗಾಗಿದ್ದರು.

"ನಾಲ್ಕು ಕಿಲೋಮೀಟರ್ ಜಾಸ್ತಿ ತೋರಿಸ್ತಿದೆ ಕಣಯ್ಯ! ಗಾಡಿ ಸೈಡಿಗೆ ಹಾಕು, ಬಾನೆಟ್ ಎತ್ತು."