ಹಿಟ್ ಆದಮೇಲೆ ಬರುತ್ತೇನೆ, ಸ್ವಾಮಿ

ಖಾಸಗಿ ಎಫ್‌ಎಂ ಕೇಂದ್ರವೊಂದರ ಸಂಗೀತ ವ್ಯವಸ್ಥಾಪಕರಿಗೆ ವಜ್ರಳ್ಳಿಯಿಂದ ಬಹಿರಂಗ ಪತ್ರ

ಸನ್ಮಾನ್ಯರೇ,

ನಿಮ್ಮ ಹೆಸರನ್ನಾಗಲಿ, ಕೇಂದ್ರದ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಮರ್ಯಾದೆ ಕಾಯಲಿಕ್ಕೆ ಎಂದು ತಿಳಿಯಬೇಡಿ. ಬರೆದರೆ ನಿಮಗೆ ಪುಕ್ಕಟೆ ಪ್ರಚಾರ ಸಿಕ್ಕಿಬಿಡುತ್ತದೆ. ಈ ಲೋಕದಲ್ಲಿ ಪುಕ್ಕಟೆ ಪ್ರಚಾರ ಎಂಬುದೇ ಇಲ್ಲವೆಂದು ನಿನ್ನೆ ತಾನೇ ನನಗೆ ಪಾಠ ಹೇಳಿದವರು ನೀವು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಗಾಜಿನ ಬಾಗಿಲಿನ ಎದುರು, ಕೆಂಪು ಸೋಫಾದ ತುದಿಯಲ್ಲಿ, ಒದ್ದೆ ಕೊಡೆ ಹಿಡಿದು ಕೂತಿದ್ದವ ನಾನು. ಕೊಡೆಯಿಂದ ಸೋರಿದ ನೀರನ್ನು ನಿಮ್ಮ ಕಾವಲುಗಾರ ಬೇಸರವಿಲ್ಲದೆ ಒರೆಸುತ್ತಿದ್ದ. ಇಡೀ ಕಟ್ಟಡದಲ್ಲಿ ನನ್ನ ಹಾಡಿನ ಬಗ್ಗೆ ಏನಾದರೂ ಕೇಳಿದವ ಅವನೊಬ್ಬನೇ. ಇಡಗುಂದಿಗೆ ಬಂದು, ಅಂಕೋಲೆ ಕಡೆಯಿಂದ ಬರುವ ಬಸ್ಸಿಗೆ ಕಾದು, ನಿಂತುಕೊಂಡೇ ಯಲ್ಲಾಪುರ, ಕಿರವತ್ತಿ ದಾಟಿ ಬಂದವನಿಗೆ ‘ಸರ್ ಮೀಟಿಂಗ್‌ನಲ್ಲಿದ್ದಾರೆ’ ಎಂದರು. ಮೀಟಿಂಗು ಗಾಜಿನಾಚೆ ಕಾಣುತ್ತಿತ್ತು. ನೀವು, ಇನ್ನೊಬ್ಬರು, ನಡುವೆ ಗಿರ್ಮಿಟ್ಟಿನ ಪೊಟ್ಟಣ. ಕೂತಷ್ಟು ಹೊತ್ತೂ ತಲೆಯ ಮೇಲಿನ ಸ್ಪೀಕರಿನಲ್ಲಿ ನಿಮ್ಮದೇ ಕೇಂದ್ರ ಹಾಡುತ್ತಿತ್ತು. ಒಂದೇ ಸಿನಿಮಾದ ಒಂದೇ ಹಾಡು, ಫ್ಲಾಟಿನ ಜಾಹೀರಾತು, ಚಿನ್ನದ ಜಾಹೀರಾತು, ಮತ್ತೆ ಅದೇ ಹಾಡು. ಅದರ ಚರಣವೀಗ ನನಗೆ ಬಾಯಿಪಾಠ.

ಕೊನೆಗೆ ಲಿಫ್ಟಿನ ಬಳಿ ನೀವು ಸಿಕ್ಕಿದಿರಿ. ಸಂಭಾಷಣೆ ಹೀಗಿತ್ತು:

‘ಯಾವ ಸಿನಿಮಾದ್ದು?’

‘ಸಿನಿಮಾದ್ದಲ್ಲ ಸರ್, ನಮ್ಮದೇ. ಡಮಾಮಿ ಬಡಿದವರು ನಮ್ಮೂರ ಕಡೆಯ ಸಿದ್ದಿಗಳು. ಹಾಡಿದ್ದು ನಾನು.’

‘ಡಿಜೆ ಮಿಕ್ಸ್ ಇದೆಯಾ? ಇನ್‌ಸ್ಟಾದಲ್ಲಿ ಎಷ್ಟು ಫಾಲೋವರ್ಸು?’

ಹೇಳಿದೆ. ನೀವು ನಕ್ಕಿರಿ. ಆ ನಗುವಿಗೆ ನನ್ನ ತಕರಾರಿಲ್ಲ, ಸಂಖ್ಯೆ ನಗು ಬರುವಂಥದ್ದೇ.

‘ಮೊದಲು ಹಿಟ್ ಮಾಡ್ಕೊಂಡು ಬನ್ನಿ. ಹಿಟ್ ಆದಮೇಲೆ ನಾವೇ ಹಾಕ್ತೀವಿ.’

ಬಸ್ಸಿನಲ್ಲಿ ಇದನ್ನೇ ಧ್ಯಾನಿಸುತ್ತ ಬಂದೆ. ಹಿಟ್ ಆದಮೇಲೆ ನೀವು ಯಾತಕ್ಕೆ ಮಾರಾಯ್ರೆ? ಊರೆಲ್ಲ ಕೇಳಿದ ಹಾಡನ್ನು ಊರಿಗೇ ಮತ್ತೊಮ್ಮೆ ಕೇಳಿಸಲಿಕ್ಕೆ ಟವರು, ಪರವಾನಗಿ, ಕೆಂಪು ಸೋಫಾ ಎಲ್ಲ ಬೇಕೆ? 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾದಾಗ, ಸರಕಾರಿ ರೇಡಿಯೊದ ಜಡ್ಡು ಬಿಟ್ಟಿತು, ಇನ್ನು ಹೊಸ ದನಿಗಳು ಬರುತ್ತವೆ ಎಂದು ನಂಬಿದವರಿದ್ದರು. ದನಿ ಬಂತು. ಬಂದದ್ದು ಆರ್‌ಜೆಯ ದನಿ.

ನೀವೇ ಹೇಳಿದಿರಿ, ಈಗಿನ ಕಾಲದಲ್ಲಿ ಕಲಾವಿದ ತನ್ನನ್ನು ತಾನೇ ಪ್ರಮೋಟ್ ಮಾಡಿಕೊಳ್ಳಬೇಕು ಎಂದು. ಆಗಲಿ. ವಜ್ರಳ್ಳಿಯಲ್ಲಿ ಮಳೆಗಾಲಕ್ಕೆ ಕರೆಂಟು ಹೋಗುವುದು ಸುದ್ದಿಯಲ್ಲ, ಬಂದರೆ ಸುದ್ದಿ. ರೀಲು ಏರಿಸಬೇಕೆಂದರೆ ಮೊದಲು ನಾನು ಗುಡ್ಡ ಏರಬೇಕು. ಉಂಬಳ ಹತ್ತಿಸಿಕೊಂಡು ಹದಿನೈದು ಸೆಕೆಂಡಿನ ‘ಹುಕ್’ ಹಾಕಿ ಇಳಿದುಬಂದರೆ ಭಾವನೊಬ್ಬ ಹೆಬ್ಬೆರಳು ಒತ್ತಿರುತ್ತಾನೆ. ಸ್ಪಾಟಿಫೈಗೆ ಹೋಗು ಎಂದಿರಿ. ಅಲ್ಲಿ 2024ರಿಂದ ಹಾಡೊಂದು ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಲ್ಪಡದಿದ್ದರೆ ಅದರ ಲೆಕ್ಕಕ್ಕೆ ಪೈಸೆಯೂ ಜಮೆಯಿಲ್ಲ. ಅವರದೂ ನಿಮ್ಮದೇ ಮಂತ್ರ, ಹಿಟ್ ಆದಮೇಲೆ ಬನ್ನಿ.

ಆಮೇಲೆ ನಿಮ್ಮ ಸಹಾಯಕರು ನನ್ನನ್ನು ಪಕ್ಕಕ್ಕೆ ಕರೆದು ‘ಪ್ಯಾಕೇಜ್’ ವಿವರಿಸಿದರು. ಇಷ್ಟು ಕೊಟ್ಟರೆ ವಾರಕ್ಕಿಷ್ಟು ಸಲ, ಇನ್ನಷ್ಟು ಕೊಟ್ಟರೆ ಆರ್‌ಜೆ ‘ವಾವ್’ ಎನ್ನುತ್ತಾರೆ, ಜಿಎಸ್‌ಟಿ ಬೇರೆ. ಅಮೆರಿಕದಲ್ಲಿ 1959–60ರಲ್ಲಿ ಇಂಥದ್ದಕ್ಕೆ ದೊಡ್ಡ ರಂಪವಾಗಿ, ಅಲನ್ ಫ್ರೀಡ್ ಎಂಬ ಹೆಸರಾಂತ ಡಿಸ್ಕ್ ಜಾಕಿಯ ಬದುಕೇ ಮೂರಾಬಟ್ಟೆಯಾಯಿತು. ಹಣ ಪಡೆದು ಹಾಡು ಹಾಕಿದರೆ ಕೇಳುಗರಿಗೆ ಅದನ್ನು ಹೇಳಲೇಬೇಕು, ಮುಚ್ಚಿಟ್ಟರೆ ಅಪರಾಧ ಎಂದು ಅಲ್ಲಿ ಕಾನೂನೂ ಬಂತು. ಪಾಪ ಫ್ರೀಡ್, ರಸೀದಿ ಪುಸ್ತಕ ಇಟ್ಟುಕೊಳ್ಳುವ ಬುದ್ಧಿ ಅವನಿಗಿರಲಿಲ್ಲ.

ನನ್ನ ಹತ್ತಿರ ಹಣವಿಲ್ಲ, ಅಡಿಕೆಗೆ ಕೊಳೆರೋಗದ ವರ್ಷ, ಹಾಡನ್ನು ಪುಕ್ಕಟೆ ತೆಗೆದುಕೊಳ್ಳಿ ಎಂದೆ. ಎಫ್‌ಎಂ ಕೇಂದ್ರಗಳು ನಿವ್ವಳ ಜಾಹೀರಾತು ಆದಾಯದ ಶೇ. 2ರಷ್ಟನ್ನು ಧ್ವನಿಮುದ್ರಿಕೆಯ ಹಕ್ಕುದಾರರಿಗೆ ಕೊಟ್ಟರೆ ಸಾಕೆಂದು ಕಾಪಿರೈಟ್ ಮಂಡಳಿ 2010ರಲ್ಲಿ ಹೇಳಿತ್ತಲ್ಲ, ನನಗೆ ಆ ಎರಡೂ ಬೇಡ ಎಂದೆ. ಪುಕ್ಕಟೆ ಎಂದೊಡನೆ ನಿಮ್ಮ ಸಹಾಯಕರು ನನ್ನ ಕೊಡೆಯ ಕಡೆ ನೋಡತೊಡಗಿದರು.

ಇಷ್ಟೆಲ್ಲ ಬರೆದದ್ದು ಮೇಲ್ಮೇಲಿನ ಮಾತು. ಹೊಟ್ಟೆಯುರಿ ಬೇರೆಯೇ ಇದೆ. ಫಾಲೋವರ್ಸು ಕೇಳಿದಿರಿ, ಮಿಕ್ಸ್ ಕೇಳಿದಿರಿ, ಸಿನಿಮಾ ಕೇಳಿದಿರಿ. ಹಾಡು ಕೇಳಲಿಲ್ಲ. ಒಂದು ಸೆಕೆಂಡೂ ಕೇಳಲಿಲ್ಲ. ನಾನು ತಂದುಕೊಟ್ಟ ಪೆನ್‌ಡ್ರೈವನ್ನು ಯಾವ ಯಂತ್ರಕ್ಕೂ ಚುಚ್ಚಲಿಲ್ಲ.

ನಮ್ಮಲ್ಲಿ ಸೊಸೈಟಿಗೆ ಅಡಿಕೆ ಒಯ್ದರೆ ವ್ಯಾಪಾರಿ ರಾಶಿಗೆ ಕೈಹಾಕುತ್ತಾನೆ, ಒಂದನ್ನು ಒಡೆದು ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ಕಡಿಮೆ ದರ್ಜೆಯ ಬಿಳೆಗೋಟಿಗೂ ಆ ಮರ್ಯಾದೆ ಉಂಟು. ‘ಈ ಅಡಿಕೆಯನ್ನು ಈಗಾಗಲೇ ಎಷ್ಟು ಜನ ಜಗಿದಿದ್ದಾರೆ?’ ಎಂದು ಕೇಳಿದ ವ್ಯಾಪಾರಿಯನ್ನು ನಾನು ಕಂಡಿಲ್ಲ.

ಆಕಾಶವಾಣಿಯೇನು ಸಾಚಾ ಅಲ್ಲ. 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿ ಮೂರು ದಶಕ ಬಾಗಿಲು ಮುಚ್ಚಿಕೊಂಡ ಸಂಸ್ಥೆ ಅದು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡಿಗೆ ಅಂಕುಶ ಹಾಕಿದರು, ಜನ ಎದ್ದು ರೇಡಿಯೊ ಸಿಲೋನಿಗೆ ಹೋದರು. ಅದೇ ಕೇಸ್ಕರರ ಕಾಲದಲ್ಲಿ ಆಡಿಷನ್ನೂ ಬಿಗಿಯಾಯಿತು, ನಮಗೆಂಥ ಪರೀಕ್ಷೆ ಎಂದು ದೊಡ್ಡ ದೊಡ್ಡ ಉಸ್ತಾದರು ಮುನಿದರು. ಆದರೆ ಆ ಪರೀಕ್ಷೆಯ ಪದ್ಧತಿ ನೋಡಿ: ಹಾಡುವವ ಯಾರೆಂದು ತೀರ್ಪುಗಾರರಿಗೆ ಕಾಣಬಾರದು, ದನಿ ಮಾತ್ರ ಕೇಳಬೇಕು. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದಲ್ಲಿ ಬೇಂದ್ರೆಯವರೂ ಮಲ್ಲಿಕಾರ್ಜುನ ಮನ್ಸೂರರೂ ಸಲಹೆಗಾರರಾಗಿ ಕೆಲಸ ಮಾಡಿದವರು. ಅಂಥವರ ಕಿವಿ ಇದ್ದ ಕಟ್ಟಡ. ಆಕಾಶವಾಣಿ ಆಡಿಷನ್ನಿನಲ್ಲಿ ಫೇಲಾದವರು ನಮ್ಮ ಸೀಮೆಯಲ್ಲಿ ಕೇರಿಗೊಬ್ಬರಿದ್ದಾರೆ. ಶ್ರುತಿ ಸೇರಲಿಲ್ಲ ಎಂದರಂತೆ, ಲಯ ಬಿಟ್ಟಿತು ಎಂದರಂತೆ. ಕೇಳದೇ ಫೇಲು ಮಾಡಿದರು ಎಂದು ಗೊಣಗಿದವರಿಲ್ಲ.

ಹೊರದೇಶದ್ದು ಬೇಕೆ? ಬಿಬಿಸಿ 2007ರಲ್ಲಿ ‘ಇಂಟ್ರೊಡ್ಯೂಸಿಂಗ್’ ಎಂಬ ಏರ್ಪಾಡು ಮಾಡಿತು. ಯಾವ ಕಂಪನಿಗೂ ಸೇರದ ಹುಡುಗ ಹುಡುಗಿಯರು ಹಾಡು ಕಳಿಸುತ್ತಾರೆ, ಅವರವರ ಸೀಮೆಯ ಬಿಬಿಸಿ ರೇಡಿಯೊದವರು ಕೇಳುತ್ತಾರೆ, ಹಿಡಿಸಿದ್ದನ್ನು ಬಿತ್ತರಿಸುತ್ತಾರೆ. ಕೇಳುವುದು ಅಲ್ಲಿ ಸಂಬಳದ ಕೆಲಸ. ನೀವೂ ಸಂಬಳ ತೆಗೆದುಕೊಳ್ಳುತ್ತೀರಲ್ಲ ಸ್ವಾಮಿ, ಯಾವುದಕ್ಕೆ? ಕಂಪ್ಯೂಟರು ಆರಿಸಿದ ಪಟ್ಟಿಗೆ ತಲೆ ಅಲ್ಲಾಡಿಸಲಿಕ್ಕೋ?

ಸಿಟ್ಟು ಬಂತು, ಇರಲಿ. ಅಳಿಸುವುದಿಲ್ಲ.

ಕನ್ನಡದವರು ಸಿನಿಮಾ ಬಿಟ್ಟು ಬೇರೆ ಕೇಳುವುದಿಲ್ಲ ಎಂಬ ನಿಮ್ಮ ಇನ್ನೊಂದು ಅಪ್ಪಣೆಗೆ ಉತ್ತರ ಬಾಕಿ ಇದೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಸಿನಿಮಾದ ಸೋಂಕೇ ಇಲ್ಲ. ಮದುವೆ ಮನೆಯಿಂದ ಶಾಲೆಯ ಗ್ಯಾದರಿಂಗ್‌ವರೆಗೆ ಅದು ಹೋಗದ ಜಾಗ ಯಾವುದಿತ್ತು? 2008ರಲ್ಲಿ ಮೊದಲ ಆಲ್ಬಮ್ ತಂದ ರಘು ದೀಕ್ಷಿತ್ 2010ಕ್ಕೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ ತಲುಪಿದರು. ನಾನು ಅವರ್ಯಾರ ಉಗುರಿಗೂ ಸಮನಲ್ಲ, ನನ್ನ ಹಾಡು ಕೆಟ್ಟದಾಗಿಯೂ ಇರಬಹುದು. ಅದನ್ನು ಹೇಳಬೇಕಾದರೆ ಕೇಳಬೇಕು, ಅಷ್ಟೆ. ಕೇಳಿ ‘ಥೂ’ ಅನ್ನಿ, ನಾನು ಖುಷಿಯಲ್ಲಿ ಬಸ್ಸು ಹತ್ತುತ್ತೇನೆ.

ಒಂದು ಗುಟ್ಟು. ವಾಪಸು ಬರುವಾಗ ಮೊಬೈಲಿನಲ್ಲಿ ನಿಮ್ಮ ಕೇಂದ್ರವನ್ನೇ ಹಚ್ಚಿಕೊಂಡಿದ್ದೆ. ಕಿರವತ್ತಿ ಹತ್ತಿರ ಗೊರಗೊರ, ಯಲ್ಲಾಪುರದಲ್ಲಿ ಪೂರ್ತಿ ಮೌನ. ನೀವು ನನ್ನ ಹಾಡನ್ನು ದಿನಕ್ಕೆ ಹತ್ತು ಸಲ ಹಾಕಿದ್ದರೂ ವಜ್ರಳ್ಳಿಯಲ್ಲಿ ಒಂದು ಕಾಗೆಗೂ ಕೇಳುತ್ತಿರಲಿಲ್ಲ. ಅಮ್ಮನ ಹಳೆ ಟ್ರಾನ್ಸಿಸ್ಟರಿಗೆ ಮಾತ್ರ ಧಾರವಾಡದ 765 ಕಿಲೋಹರ್ಟ್ಸ್ ಈಗಲೂ ಬರುತ್ತದೆ, ಮೋಡವಿದ್ದರೆ ಸ್ವಲ್ಪ ಮುನಿಸಿಕೊಂಡು.

ಕಡೆಯದಾಗಿ, ಪೆನ್‌ಡ್ರೈವ್. ಗಡಿಬಿಡಿಯಲ್ಲಿ ಅದು ನಿಮ್ಮ ಸಹಾಯಕರ ಮೇಜಿನ ಮೇಲೆಯೇ ಉಳಿಯಿತು. ನನ್ನ ಹಾಡನ್ನು ಅಳಿಸಿಕೊಳ್ಳಿ, ಬೇಸರವಿಲ್ಲ. ಅದರಲ್ಲಿ ಅಪ್ಪನ ಕಾಲದ ಮೂರು ತಾಳಮದ್ದಳೆ ಇವೆ, ನಮ್ಮಲ್ಲಿ ಬೇರೆ ಪ್ರತಿ ಇಲ್ಲ. ಕೊರಿಯರ್‌ನವರು ಇಲ್ಲಿಯವರೆಗೆ ಬರುವುದಿಲ್ಲ, ಯಲ್ಲಾಪುರದಲ್ಲೇ ಇಟ್ಟುಕೊಂಡು ಫೋನು ಮಾಡುತ್ತಾರೆ, ಫೋನು ಇಲ್ಲಿ ಹತ್ತುವುದಿಲ್ಲ. ಅಂಚೆಗೆ ಹಾಕಿ. ಅಂಚೆ ಖರ್ಚನ್ನು ಯಾವ ಪ್ಯಾಕೇಜಿನಲ್ಲಿ ಹಿಡಿಯುತ್ತೀರೆಂದು ತಿಳಿಸಿದರೆ ಜಿಎಸ್‌ಟಿ ಸಮೇತ ಕಳಿಸುತ್ತೇನೆ.

ಇತಿ,
ಕೆಂಪು ಸೋಫಾದವ
ವಜ್ರಳ್ಳಿ, ಯಲ್ಲಾಪುರ ತಾಲೂಕು